ಹೆಜ್ಜೆಯ ಗುರುತು

ಕಳೆದ ದೀಪಾವಳಿಯ ಸೂಟಿಯಲ್ಲಿ ಮೊಮ್ಮಗನು ನನ್ನನ್ನು ಬಲವಂತದಿಂದ ಕುಳ್ಳಿರಿಸಿಕೊಂಡು ಒಂದು ಹಳೆಯ ಅಮೇರಿಕನ್ ಚಿತ್ರಪಟವನ್ನು ತೋರಿಸಿದನು. 1946ರಲ್ಲಿ ರಾಬರ್ಟ್ ಕ್ಲ್ಯಾಂಪೆಟ್ ಎಂಬವರು ವಾರ್ನರ್ ಬ್ರದರ್ಸ್ ಸಂಸ್ಥೆಗಾಗಿ ನಿರ್ದೇಶಿಸಿದ ‘ದಿ ಗ್ರೇಟ್ ಪಿಗ್ಗಿ ಬ್ಯಾಂಕ್ ರಾಬರಿ’ ಎಂಬದು ಅದರ ಹೆಸರು. ಏಳೆಂಟು ನಿಮಿಷಗಳ ಆಟ. ಬರೆದ ಚಿತ್ರಗಳೇ ಓಡಾಡಿ ಮಾತನಾಡುವ ಅದನ್ನು ಮಕ್ಕಳ ವಿನೋದವೆಂದು ತಿಳಿದು ಕುಳಿತವನಿಗೆ ನಡುವೆಯೇ ನಗೆ ನಿಂತುಹೋಯಿತು. ಅದರ ಕಾರಣವನ್ನು ವಾಚಕರಲ್ಲಿ ಅರಿಕೆಮಾಡಿಕೊಳ್ಳಬೇಕೆಂದು ಈ ನಾಲ್ಕು ಮಾತು.

ಕತೆ ಇಷ್ಟೇ. ಡ್ಯಾಫಿ ಎಂಬ ಬಾತುಕೋಳಿಯು ಹಳ್ಳಿಯ ತೋಟವೊಂದರಲ್ಲಿ ಟಪಾಲಿನವನ ದಾರಿ ಕಾಯುತ್ತಿರುತ್ತದೆ. ಚೆಸ್ಟರ್ ಗೂಲ್ಡ್ ಎಂಬ ಚಿತ್ರಕಾರನು 1931ರಲ್ಲಿ ಸೃಷ್ಟಿಸಿದ ಡಿಕ್ ಟ್ರೇಸಿ ಎಂಬ ಪತ್ತೇದಾರನ ಚಿತ್ರಕಥೆಯ ಪುಸ್ತಕವು ಕೈಗೆ ಬಂದ ಕೂಡಲೆ ಅದಕ್ಕೆ ಲೋಕವೇ ಮರೆತುಹೋಗುತ್ತದೆ. ತಾನೇ ಆ ವೀರನೆಂದು ಬಗೆದು ಗಾಳಿಯಲ್ಲಿ ಗುದ್ದಾಡುತ್ತ, ತನ್ನ ಮುಷ್ಟಿಯ ಪೆಟ್ಟನ್ನು ತಾನೇ ತಿಂದು ಮೂರ್ಛೆಹೋಗುತ್ತದೆ. ಕನಸಿನಲ್ಲಿ ಅದು ‘ಡಕ್ ಟ್ವೇಸಿ’ ಎಂಬ ಪ್ರಖ್ಯಾತ ಪತ್ತೇದಾರ. ಊರಿನಲ್ಲಿ ಹಂದಿಯಾಕಾರದ ಉಳಿತಾಯದ ಡಬ್ಬಿಗಳು ಕಳುವಾಗುತ್ತಿವೆ; ನೋಡಿದರೆ ತನ್ನದೂ ಮಾಯವಾಗಿದೆ! ದಾರಿಯಲ್ಲಿ ಷೆರ್ಲಾಕ್ ಹೋಮ್ಸನೇ ಎದುರಾದರೂ, ಇದು ನನ್ನ ಸರಹದ್ದೆಂದು ಗದರಿಸಿ ಕಳಿಸುತ್ತದೆ. ಭೂತಗನ್ನಡಿ ಹಿಡಿದು ಹೆಜ್ಜೆಯ ಗುರುತುಗಳ ಬೆನ್ನುಹತ್ತಿದರೆ ಇಲಿಯ ಬಿಲದಿಂದ ರಾಕ್ಷಸನಂಥ ಇಲಿಯೊಂದು ಹೊರಬರುತ್ತದೆ. ಕಡೆಗೆ ಕಳ್ಳರನ್ನೆಲ್ಲ ಕೊಂದು, ದೊರೆತ ತನ್ನ ಡಬ್ಬಿಗೆ ಮುದ್ದಿಡುತ್ತದೆ. ಎಚ್ಚರಾದಾಗ ನೋಡಿದರೆ ತೋಟದ ನಿಜವಾದ ಹಂದಿಗೆ ಮುದ್ದಿಡುತ್ತಿರುತ್ತದೆ.

ಮೊಮ್ಮಗನು ಬಿದ್ದು ಬಿದ್ದು ನಕ್ಕನು. ನನಗಾದರೋ ಹೆಜ್ಜೆಯ ಗುರುತು ಕಂಡಾಗಲೇ 1968ನೆಯ ಇಸವಿ ನೆನಪಾಗಿತ್ತು.

ಆಗ ನನಗೆ ಹನ್ನೊಂದು ವರ್ಷ. ಇಂದಿನ ವಿಜಯಪುರಕ್ಕೆ ಆಗ ವಿಜಾಪುರವೆಂದು ಹೆಸರು. ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಯೊಂದು ಮನೆಗೆ ಬಂದಿತೆಂದರೆ ನನಗೆ ಊಟದ ನೆನಪಿರುತ್ತಿರಲಿಲ್ಲ. ಅವರ ಪತ್ತೇದಾರ ಪುರುಷೋತ್ತಮನೇ ನನ್ನ ಗುರು. ಅದೇ ವರ್ಷ ರಾಜಕುಮಾರರು ‘ಜೇಡರ ಬಲೆ’ಯಲ್ಲಿ ಸಿ.ಐ.ಡಿ. 999 ಆಗಿ ತೆರೆಯ ಮೇಲೆ ಬಂದರು. ಒಂದೂ ಅಪರಾಧ ನಡೆಯದ ನಮ್ಮ ಓಣಿಯ ವಿಷಯದಲ್ಲಿ ನನಗೆ ಬಹಳ ಬೇಸರವಿತ್ತು.

ಅಂಥ ಹೊತ್ತಿನಲ್ಲಿ, ಮಾಡದಲ್ಲಿಟ್ಟಿದ್ದ ದುಡ್ಡಿನ ನನ್ನ ಮಣ್ಣಿನ ಕುಡಿಕೆ ಕಾಣೆಯಾಯಿತು. ಅವ್ವ ಅಂದು ನಸುಕಿನಲ್ಲಿಯೇ ಬಬಲೇಶ್ವರದ ತವರಿಗೆ ಹೋಗಿದ್ದಳು. ಎಮ್ಮೆ ಮೇಯಿಸಲು, ನೀರು ಹೊರಲು ತಿಕೋಟೆಯ ಕಡೆಯಿಂದ ಬಂದ ನನ್ನ ಓರಗೆಯ ಹುಡುಗನೊಬ್ಬನು ಮನೆಯಲ್ಲಿದ್ದನು. ಮಾಡದ ಕೆಳಗೆ ಚೆಲ್ಲಿದ ಜೋಳದ ಹಿಟ್ಟಿನಲ್ಲಿ ಬರಿಗಾಲಿನ ಹೆಜ್ಜೆ ಮೂಡಿತ್ತು. ಅಳೆದು ನೋಡಿದೆನು, ಅವನದೇ. ದಿನವೂ ಅದೇ ದಾರಿಯಿಂದ ನೀರು ತರುವವನ ಹೆಜ್ಜೆ ಅಲ್ಲಿರದೆ ಮತ್ತೆಲ್ಲಿರಬೇಕೆಂಬದು ಈ ಪತ್ತೇದಾರನಿಗೆ ಹೊಳೆಯಲಿಲ್ಲ.

ಅವನನ್ನು ಒಪ್ಪಿಸಲೆಂದು ಗೋಳಗುಮ್ಮಟಕ್ಕೆ ಕರೆದೊಯ್ದೆನು. 1656ರಲ್ಲಿ ತೀರಿಕೊಂಡ ಮಹಮ್ಮದ ಆದಿಲಶಹನ ಆ ಗೋರಿಯ ಗುಮ್ಮಟದ ಒಳವ್ಯಾಸವು ಸುಮಾರು 124 ಅಡಿ. ಅದರ ಪಿಸುಮಾತಿನ ಗ್ಯಾಲರಿಯಲ್ಲಿ ಗೋಡೆಗೆ ಬಾಯಿ ಹಚ್ಚಿ ಉಸುರಿದರೆ, ದನಿಯು ದುಂಡನೆಯ ಗೋಡೆಯ ಗುಂಟ ಹರಿದು ಎದುರು ಬದಿಯವನ ಕಿವಿಗೆ ಸ್ಪಷ್ಟವಾಗಿ ಮುಟ್ಟುತ್ತದೆ. ನಾನು ಈಚೆ, ಅವನು ಆಚೆ. “ಕುಡಿಕಿ ಕದ್ದವರು ಯಾರು?” ಎಂದೆನು. ತುಸು ಹೊತ್ತಿನ ಮೇಲೆ ಕಿವಿಯಲ್ಲಿಯೇ ಹೇಳಿದಂತೆ ಬಂದಿತು: “ನಾ ಅಲ್ಲಪಾ. ನಮ್ಮವ್ವನ ಆಣಿ.”

ಆ ದನಿಯಲ್ಲಿ ಸುಳ್ಳಿರಲಿಲ್ಲ. ಆದರೆ ಕಾದಂಬರಿಯ ಕಳ್ಳರೂ ಮೊದಲು ಹಾಗೆಯೇ ಹೇಳುತ್ತಿದ್ದರು. ಸಂಜೆಗೆ ಪರವೂರಿನಿಂದ ಮರಳಿದ ಅಪ್ಪನ ಮುಂದೆ ಹೆಜ್ಜೆಯ ಅಳತೆಯನ್ನಿಟ್ಟೆನು. ಹುಡುಗನಿಗೆ ಎರಡು ಏಟು ಬಿದ್ದವು. ಕತ್ತಲಾಗುವ ಮೊದಲೆ ಅವನು ಬಟ್ಟೆಯ ಗಂಟನ್ನು ಎತ್ತಿಕೊಂಡು ತಿಕೋಟೆಯ ರಸ್ತೆ ಹಿಡಿದನು.

ಮೂರನೆಯ ದಿನ ಅವ್ವ ಬಂದಳು. “ತಮ್ಮಾ, ಕುಡಿಕಿ ನಾನ ಒಡದೇನಿ. ನಿಮ್ಮಜ್ಜಗ ಭಾಳ ಜಡ್ಡಾಗಿತ್ತು, ಬಸ್ಸಿಗೆ ದುಡ್ಡಿರಲಿಲ್ಲ. ನೀ ಮಲಗಿದ್ದಿ, ಎಬ್ಬಸಲಿಲ್ಲ” ಎಂದಳು. ನಡೆದ ಸಂಗತಿ ತಿಳಿದ ಮೇಲೆ ಅವಳು ಅಂದು ಊಟಮಾಡಲಿಲ್ಲ. ಮರುದಿನವೇ ನನ್ನನ್ನು ಕರೆದುಕೊಂಡು ಅವನ ಮನೆಗೆ ಹೋಗಿ ಆ ತಾಯಿಯ ಮುಂದೆ ಸೆರಗೊಡ್ಡಿದಳು. ಆಕೆ ನಮಗೆ ಮಜ್ಜಿಗೆ ಕೊಟ್ಟಳು. ಮಗನನ್ನು ಮಾತ್ರ ಮರಳಿ ಕಳಿಸಲಿಲ್ಲ. “ನೀವು ಬಂದ್ರಿ ಅವ್ವಾರ, ದೊಡ್ಡವರು. ಆದ್ರ ಊರ ಮಂದಿ ಬಾಯಿಗೆ ಯಾರು ಹೇಳಾವ್ರು?” ಎಂದಳು. ಹುಡುಗನು ಒಳಗಿನಿಂದ ಹೊರಗೆ ಬರಲೇ ಇಲ್ಲ.

ಪತ್ತೇದಾರಿ ಕತೆಗಳನ್ನು ನಾನು ದೂಷಿಸುವದಿಲ್ಲ, ಇಂದಿಗೂ ಓದುತ್ತೇನೆ. ಅಲ್ಲಿ ಬರೆಯುವವನಿಗೆ ಕಳ್ಳನು ಮೊದಲೇ ಗೊತ್ತು; ಆದ್ದರಿಂದ ಹೆಜ್ಜೆಯು ತಪ್ಪದೆ ಕಳ್ಳನ ಬಾಗಿಲಿಗೇ ಹೋಗುತ್ತದೆ. ಬಾಳಿನಲ್ಲಿ ನಾವು ಕಳ್ಳನನ್ನು ಮೊದಲು ಆರಿಸಿ ಹೆಜ್ಜೆಯನ್ನು ಆಮೇಲೆ ಹುಡುಕುತ್ತೇವೆ. ಆರಿಸುವಾಗ ಬೆರಳು ಬಡವನ ಕಡೆಗೇ ತಿರುಗುತ್ತದೆ. ಆ ಬಾತುಕೋಳಿಯು ಭಾಗ್ಯಶಾಲಿ: ಅದರ ಪೆಟ್ಟು ಅದರ ತಲೆಗೇ ಬಿದ್ದಿತು. ನನ್ನ ಪೆಟ್ಟು ಇನ್ನೊಬ್ಬನಿಗೆ ಬಿದ್ದಿತು.

ಮನೆಯಲ್ಲಿ ವಸ್ತುವೊಂದು ಕಾಣದಿದ್ದರೆ, ಮನೆಯವರೆಲ್ಲರೂ ಕೂಡುವ ತನಕ ಯಾರ ಹೆಸರನ್ನೂ ಎತ್ತಬಾರದೆಂಬ ನಿಯಮವು ಅಂದಿನಿಂದ ನಮ್ಮಲ್ಲಿ ನಡೆದುಬಂದಿದೆ. ಅದರ ಕಾರಣವನ್ನು ಈ ದೀಪಾವಳಿಯಲ್ಲಿ ಮೊಮ್ಮಗನಿಗೆ ಹೇಳಿದೆನು.