ಜಿಂಕೆಗೆ ಕಟ್ಟಿದ ಬುತ್ತಿ

ಅಮೇರಿಕಾ ಸಂಯುಕ್ತ ಸಂಸ್ಥಾನಗಳಲ್ಲೊಂದಾದ ಟೆಕ್ಸಾಸಿನ ನಡುಭಾಗದಲ್ಲಿ, ಆಸ್ಟಿನ್ ನಗರದಿಂದ ಪಶ್ಚಿಮಕ್ಕೆ, ಸುಣ್ಣಕಲ್ಲಿನ ಗುಡ್ಡಗಳ ವಿಶಾಲವಾದ ಸೀಮೆಯೊಂದುಂಟು. ಅಲ್ಲಿಯ ಜನರು ಅದನ್ನು ‘ಹಿಲ್ ಕಂಟ್ರಿ’, ಎಂದರೆ ಗುಡ್ಡನಾಡು, ಎಂದು ಕರೆಯುವರು. ಮಗಳ ಮನೆಗೆಂದು ಆಸ್ಟಿನ್ನಿಗೆ ಹೋಗಿದ್ದ ನಾವು ಅಕ್ಟೋಬರ್ ತಿಂಗಳ ಒಂದು ಶನಿವಾರ ಆ ನಾಡನ್ನು ನೋಡಲು ಹೊರಟೆವು. ಅಳಿಯಂದಿರ ಸಹೋದ್ಯೋಗಿಯೊಬ್ಬರ ತಂದೆಯವರಿಗೆ ಅಲ್ಲಿ ದನಕರು ಮೇಯಿಸುವ ದೊಡ್ಡ ಜಮೀನಿದ್ದು, ಎರಡು ದಿನ ತಮ್ಮಲ್ಲಿ ತಂಗಬೇಕೆಂದು ಅವರು ಹೇಳಿ ಕಳುಹಿಸಿದ್ದರು.

ಆಸ್ಟಿನ್ನಿನಿಂದ ಸುಮಾರು 125 ಕಿಲೋಮೀಟರು ದೂರದಲ್ಲಿ ಫ್ರೆಡೆರಿಕ್ಸ್‌ಬರ್ಗ್ ಎಂಬ ಊರು ಸಿಕ್ಕುವುದು. ಜರ್ಮನಿಯಿಂದ ಬಂದ ಒಕ್ಕಲುಗಳು 1846ರಲ್ಲಿ ನೆಲೆಗೊಳಿಸಿದ ಊರಿದು. ಅದನ್ನು ದಾಟಿ ಕೆರ್‌ವಿಲ್ಲಿನ ದಿಕ್ಕಿಗೆ ತಿರುಗಿದೊಡನೆ ನಮ್ಮ ಬಯಲುಸೀಮೆಯ ನೆನಪು ತಾನಾಗಿಯೇ ಬರುವುದು. ಅಲ್ಲಿಯ ಮೆಸ್ಕೀಟ್ ಮರವು ನಮ್ಮ ಬಳ್ಳಾರಿ ಜಾಲಿಯ ಹತ್ತಿರದ ಬಂಧು. ಬಂಡೆಗಳ ಸಂದಿನಲ್ಲಿ ಬೆಳೆದಿರುವ ಪಾಪಾಸುಕಳ್ಳಿಯಾದರೋ ಅಮೇರಿಕಾ ಖಂಡದಿಂದಲೇ ನಮ್ಮಲ್ಲಿಗೆ ಬಂದುದು. ಇವೆರಡರ ನಡುವೆ ವರ್ಷವೆಲ್ಲ ಹಸುರಾಗಿರುವ ಓಕ್ ಮರಗಳು ಕೊಂಬೆಗಳನ್ನು ನೆಲದತ್ತ ಚಾಚಿ ನಿಂತಿವೆ.

ನಾವು ತಲಪಿದಾಗ ಯಜಮಾನರು ಕೊಟ್ಟಿಗೆಯ ಮುಂದೆ ಕುಳಿತು ಪ್ಲಾಸ್ಟಿಕ್ಕಿನ ಬಕೀಟೊಂದಕ್ಕೆ ಬೈರಿಗೆಯಿಂದ ತೂತು ಕೊರೆಯುತ್ತಿದ್ದರು. ವಯಸ್ಸು ಎಪ್ಪತ್ತು ದಾಟಿದ್ದರೂ ಕೈ ನಡುಗದು. ನೀರು ಸೇದುವ ಬಕೀಟಿಗೆ ತೂತೇಕೆಂದು ನಮ್ಮ ಮೊಮ್ಮಗಳು ನಕ್ಕಳು. “ಇದು ನೀರಿಗಲ್ಲ, ಮಗು, ಜಿಂಕೆಗಳಿಗೆ ಬುತ್ತಿ” ಎಂದರು ಅವರು. ಅಳಿಯಂದಿರು ಕನ್ನಡದಲ್ಲಿ ತಿಳಿಸಿದ ಮೇಲೆ ಹುಡುಗಿ ಹಿಗ್ಗಿ ಅವರ ಪಕ್ಕದಲ್ಲೇ ಕುಳಿತುಬಿಟ್ಟಳು. ಕೆಲಸಕ್ಕೆ ನಾವೂ ಕೈ ಹಾಕಿದೆವು.

ಆ ಸಾಧನವು ಅತಿ ಸರಳವಾದುದು. ಐದು ಗ್ಯಾಲನ್, ಎಂದರೆ ಸುಮಾರು 19 ಲೀಟರು ಹಿಡಿಯುವ, ಮುಚ್ಚಳವುಳ್ಳ ಬಕೀಟು. ಅದರ ತಳದ ನಡುವೆ ಒಂದು ರಂಧ್ರ. ಒಳಗೆ ಅಡ್ಡಲಾಗಿ ಬಿಗಿದ ಕಂಬಿಯಿಂದ ಇಳಿಬಿಟ್ಟು ರಂಧ್ರದ ಮೂಲಕ ಹೊರಕ್ಕೆ ತೂಗುವ ಒಂದು ಕೋಲು. ಕೋಲಿಗೂ ರಂಧ್ರದ ಅಂಚಿಗೂ ನಡುವೆ ಮುಸುಕಿನ ಜೋಳದ ಕಾಳು ನುಸುಳುವಷ್ಟೇ ಸಂದು. ಕೋಲು ಸುಮ್ಮನಿರುವಾಗ ಕಾಳುಗಳು ಒಂದನ್ನೊಂದು ಒತ್ತಿಕೊಂಡು ನಿಲ್ಲುವುವು. ಜಿಂಕೆಯು ಮೂತಿಯಿಂದ ಕೋಲನ್ನು ಅಲುಗಿಸಿದೊಡನೆ ನಾಲ್ಕಾರು ಕಾಳು ಉದುರುವುವು. ಬ್ಯಾಟರಿಯಿಂದ ತಿರುಗಿ, ಹೊತ್ತು ಹೊತ್ತಿಗೆ ಸರಿಯಾಗಿ ಕಾಳು ಚೆಲ್ಲುವ ಯಂತ್ರಗಳೂ ಅಂಗಡಿಯಲ್ಲಿ ದೊರೆಯುವುವು. ಆದರೆ ಯಜಮಾನರಿಗೆ ತಮ್ಮ ಕೈಕೆಲಸವೇ ಮೆಚ್ಚು.

ಬಕೀಟಿಗೆ ಸುಮಾರು 13 ಕಿಲೋಗ್ರಾಂ ಕಾಳು ಹಿಡಿಯಿತು. ಓಕಿನ ದಪ್ಪ ಕೊಂಬೆಯೊಂದಕ್ಕೆ ಚಿಕ್ಕ ರಾಟೆಯನ್ನು ಕಟ್ಟಿ, ಅದರ ಮೇಲೆ ತಂತಿಯ ಹಗ್ಗವನ್ನು ಹಾಯಿಸಿ, ಬಕೀಟನ್ನು ಮೇಲಕ್ಕೆಳೆದೆವು. ಕೋಲಿನ ತುದಿ ನೆಲದಿಂದ ಒಂದು ಗಜದಷ್ಟು ಎತ್ತರದಲ್ಲಿರಬೇಕು. ಕೆಳಗಿಟ್ಟರೆ ಕಾಡುಹಂದಿಗಳು ಉರುಳಿಸುವುವು. ನಾರಿನ ಹಗ್ಗವಾದರೆ ರಕೂನೆಂಬ ಚೇಷ್ಟೆಯ ಪ್ರಾಣಿಯು ಹಿಡಿದಿಳಿಯುವುದು. ಮುಚ್ಚಳವನ್ನು ಭದ್ರಪಡಿಸುವುದು ಎಲ್ಲಕ್ಕಿಂತ ಮುಖ್ಯ. ತೇವ ತಗುಲಿದ ಜೋಳಕ್ಕೆ ಬೂಷ್ಟು ಹತ್ತಿ, ಅದರಿಂದ ಹುಟ್ಟುವ ವಿಷವು ಜಿಂಕೆಗಳನ್ನೂ ಹಕ್ಕಿಗಳನ್ನೂ ಕೊಲ್ಲಬಲ್ಲುದು. ಹಗ್ಗದ ಕೊನೆಯನ್ನು ಬೊಡ್ಡೆಗೆ ಬಿಗಿಯುವ ಕೆಲಸ ನಮ್ಮ ಪಾಲಿಗೆ ಬಂದಿತು. ಊರಿನ ಬಾವಿಕಟ್ಟೆಯಲ್ಲಿ ಕಲಿತ ಗಂಟನ್ನು ಹಾಕಿದೆವು. ಯಜಮಾನರು ಎಳೆದು ನೋಡಿ ತಲೆದೂಗಿದರು.

ಗಂಟು ಬಿಗಿದಾದ ಮೇಲೆಯೇ ನಮ್ಮ ಕಣ್ಣು ಎದುರಿನ ದಿಬ್ಬಕ್ಕೆ ಹೋಯಿತು. ನೂರು ಗಜದಾಚೆ, ನಮ್ಮ ರೈತರು ಹೊಲ ಕಾಯಲು ಕಟ್ಟುವ ಅಟ್ಟಣೆಯಂತಹುದೊಂದು ನಾಲ್ಕು ಕಾಲಿನ ಮೇಲೆ ನಿಂತಿದ್ದಿತು. ಅದಕ್ಕೆ ಈ ಮರದ ಕಡೆಗೊಂದು ಸಣ್ಣ ಕಿಂಡಿ. ಆಗ ಎಲ್ಲವೂ ತಿಳಿಯಿತು. ನವೆಂಬರಿನ ಮೊದಲನೆಯ ಶನಿವಾರ ಅಲ್ಲಿ ಜಿಂಕೆಬೇಟೆಯ ಕಾಲವು ಆರಂಭವಾಗುವುದು. ಅಷ್ಟರಲ್ಲಿ ಜಿಂಕೆಗಳಿಗೆ ಈ ಮರದ ರೂಢಿ ಬೀಳಬೇಕು.

ಮೊಮ್ಮಗಳ ಮುಖ ಬಾಡಿತು. “ತಾತ, ಇದು ಊಟವೋ, ಗಾಳವೋ?” ಎಂದು ನಮ್ಮನ್ನು ಕೇಳಿದಳು. ಜೀವಮಾನದಲ್ಲಿ ಮಾಂಸವನ್ನು ಮುಟ್ಟದ ನಮಗೆ ಉತ್ತರ ಹೊಳೆಯಲಿಲ್ಲ. ರಾಮಾಯಣದಲ್ಲಿ ಮಾಯಾಮೃಗವು ಬೇಟೆಗಾರನನ್ನು ಆಶ್ರಮದಿಂದ ಸೆಳೆದೊಯ್ದಿತು. ಇಲ್ಲಿ ಬೇಟೆಗಾರನೇ ಮೃಗವನ್ನು ಸೆಳೆಯುವನು. ಆ ಮಾಯೆಯ ಕೊನೆಯ ಗಂಟನ್ನು ಹಾಕಿದ ಕೈ ನಮ್ಮದೇ ಆಗಿದ್ದಿತು!

ಅಳಿಯಂದಿರು ಅವಳ ಪ್ರಶ್ನೆಯನ್ನು ಅಳುಕುತ್ತಲೇ ತಿಳಿಸಿದರು. ಯಜಮಾನರು ಬೇಸರಪಡಲಿಲ್ಲ. ಈ ಸಂಸ್ಥಾನದಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪಾಲು ನೆಲ ಖಾಸಗಿಯವರದು; ನೆಲದೊಡೆಯನು ತನ್ನ ನೆಲದಲ್ಲಿ ಕಾಳಿಟ್ಟು ಬೇಟೆಯಾಡಲು ಇಲ್ಲಿಯ ಕಾನೂನು ಒಪ್ಪುವುದು, ಕೆಲವು ಸಂಸ್ಥಾನಗಳಲ್ಲಿ ಒಪ್ಪದು, ಎಂದರು. ಬಿಳಿಬಾಲದ ಜಿಂಕೆಗಳು ಟೆಕ್ಸಾಸಿನಲ್ಲಿ ಹತ್ತಿರಹತ್ತಿರ ಐವತ್ತು ಲಕ್ಷವಿವೆ. ಅವನ್ನು ಹಿಡಿಯುತ್ತಿದ್ದ ತೋಳಗಳನ್ನು ಜನರು ಹಿಂದೆಯೇ ನಿರ್ಮೂಲಗೊಳಿಸಿದರು. ಮಳೆ ಹೋದ ವರ್ಷ ಮೇವು ಸಾಲದೆ ಜಿಂಕೆಗಳು ಬಡಕಲಾಗಿ ಸಾಯುವುದನ್ನೂ, ರಸ್ತೆಯಲ್ಲಿ ಮೋಟಾರುಗಳಿಗೆ ಸಿಕ್ಕುವುದನ್ನೂ ತಾವು ಕಂಡಿರುವುದಾಗಿ ಹೇಳಿದರು. ಹತ್ತಿರದಲ್ಲಿ ಶಾಂತವಾಗಿ ನಿಂತ ಪ್ರಾಣಿಗೆ ಗುರಿ ತಪ್ಪದು. ಓಡುವ ಪ್ರಾಣಿಯನ್ನು ಹೊಡೆದು ಗಾಯಗೊಳಿಸಿ ಕಳೆದುಕೊಳ್ಳುವುದೇ ಪಾಪವೆಂದು ಅವರ ಮತ.

ಇನ್ನೊಂದು ಪಕ್ಷವನ್ನೂ ಅವರು ಮುಚ್ಚಿಡಲಿಲ್ಲ. ಜಿಂಕೆಗಳನ್ನು ಕ್ಷಯಿಸಿ ಕೊಲ್ಲುವ ಮೆದುಳಿನ ರೋಗವೊಂದು 1967ರಲ್ಲಿ ಕೊಲರಾಡೋದಲ್ಲಿ ಮೊದಲು ಗುರುತಿಗೆ ಬಂದು, 2012ರಲ್ಲಿ ಟೆಕ್ಸಾಸಿನಲ್ಲಿಯೂ ಕಾಣಿಸಿಕೊಂಡಿತು. ಅದಕ್ಕೆ ಮದ್ದಿಲ್ಲ. ಜೊಲ್ಲಿನಿಂದಲೂ ಹರಡುವ ರೋಗವಾದುದರಿಂದ, ಹತ್ತಾರು ಮೂತಿಗಳನ್ನು ಒಂದೇ ಕಡೆ ಸೇರಿಸುವ ಇಂತಹ ಬಕೀಟು ಅಪಾಯಕಾರಿ ಎಂದು ಬಲ್ಲವರು ಎಚ್ಚರಿಸುವರು. “ರೋಗ ನಮ್ಮ ಕಡೆಗೆ ಬಂದ ದಿನ ಇದನ್ನು ಇಳಿಸಿಬಿಡುತ್ತೇನೆ” ಎಂದು ಅವರು ಹೇಳಿ, ಹುಡುಗಿಯ ಕಡೆ ತಿರುಗಿ, “ಮಗು, ಇದು ಊಟವೂ ಹೌದು, ಗಾಳವೂ ಹೌದು. ಎರಡರಲ್ಲಿ ಒಂದನ್ನು ಮರೆಯುವವನು ಇದನ್ನು ಕಟ್ಟಬಾರದು” ಎಂದರು.

ಸಂಜೆ ಎಲ್ಲರೂ ಅಟ್ಟಣೆಯಲ್ಲಿ ಉಸಿರು ಬಿಗಿಹಿಡಿದು ಕುಳಿತೆವು. ಯಜಮಾನರು ಕೋವಿಯನ್ನು ತಂದಿರಲಿಲ್ಲ. ಬಿಸಿಲು ಇಳಿಯುತ್ತಲೇ ಬೂದುಗಂದು ಬಣ್ಣದ ಎರಡು ಜಿಂಕೆಗಳು ಪೊದೆಯಿಂದ ಹೊರಬಂದು, ಹೊಸ ವಸ್ತುವನ್ನು ಕಂಡು ಬೆದರಿ, ಬಿಳಿಯ ಬಾಲವನ್ನೆತ್ತಿ ಹಾರಿಹೋದುವು. ಸ್ವಲ್ಪ ಹೊತ್ತಾದ ಮೇಲೆ ಬೇರೊಂದು ಹಿಂಡು ಬಂದಿತು. ಮೈತುಂಬ ಬಿಳಿಯ ಚುಕ್ಕೆಗಳು. “ಮರಿಗಳು!” ಎಂದು ಹುಡುಗಿ ಪಿಸುಗುಟ್ಟಿದಳು. ಬಿಳಿಬಾಲದ ಜಿಂಕೆಗೆ ಚುಕ್ಕೆಯಿರುವುದು ಮರಿಯಾಗಿರುವಾಗ ಮಾತ್ರ. ಆದರೆ ಹಿಂಡಿನ ಹಿಂದೆ ಎತ್ತರವಾದ ಕವಲುಗೊಂಬುಗಳ ಗಂಡೊಂದು ಗಂಭೀರವಾಗಿ ನಡೆದುಬಂದಿತು. ಅದರ ಮೈಮೇಲೂ ಅದೇ ಚುಕ್ಕೆಗಳು. ನಮ್ಮೆದೆ ಝಲ್ಲೆಂದಿತು. ಅದು ನಮ್ಮ ಬಂಡೀಪುರದ ಚುಕ್ಕೆಜಿಂಕೆ!

ಹೌದು, ಭಾರತದ ಚುಕ್ಕೆಜಿಂಕೆಗಳನ್ನು 1932ರ ಸುಮಾರಿಗೆ ಟೆಕ್ಸಾಸಿಗೆ ತಂದು ಬಿಟ್ಟರಂತೆ. ಬೇಲಿ ದಾಟಿದವು ಗುಡ್ಡನಾಡಿನಲ್ಲಿ ಸ್ವತಂತ್ರವಾಗಿ ಬೆಳೆದುವು. ಅದಕ್ಕೆ ಒಂದು ವರ್ಷ ಮುಂಚೆ, 1931ರಲ್ಲಿ, ಮೈಸೂರಿನ ಮಹಾರಾಜರು ಬಂಡೀಪುರದ ಕಾಡಿನ ಒಂದು ಭಾಗವನ್ನು ಮೃಗಗಳ ರಕ್ಷಣೆಗೆಂದು ಮೀಸಲಿಟ್ಟಿದ್ದರು. 1972ರ ಕಾನೂನಿನ ಮೇರೆಗೆ ನಮ್ಮಲ್ಲಿ ಈ ಪ್ರಾಣಿಯನ್ನು ಬೇಟೆಯಾಡುವುದು ಅಪರಾಧ. ಟೆಕ್ಸಾಸಿನಲ್ಲಿ ಬಿಳಿಬಾಲದ ಜಿಂಕೆಗೆ ವರ್ಷದಲ್ಲಿ ಹಲವು ತಿಂಗಳ ಅಭಯವುಂಟು; ಹೊರಗಿನಿಂದ ಬಂದ ಈ ಚುಕ್ಕೆಜಿಂಕೆಗೆ ಅಭಯದ ಒಂದು ದಿನವೂ ಇಲ್ಲ. ವರ್ಷದ ಯಾವ ದಿನವಾದರೂ ಹೊಡೆಯಬಹುದು.

ಗಂಡುಜಿಂಕೆ ಕೋಲನ್ನು ಮೂಸಿತು. ಕೋಲು ಅಲುಗಿತು, ಕಾಳು ಉದುರಿತು. ಒಂದೊಂದು ಸಲ ಮೂತಿ ತಾಕಿದಾಗಲೂ ಬೊಡ್ಡೆಯಲ್ಲಿದ್ದ ನಮ್ಮ ಗಂಟು ಬಿಗಿಯುತ್ತಿದ್ದಂತೆ ತೋರಿತು.

ಮರುದಿನ ಹೊರಡುವಾಗ ಯಜಮಾನರ ಕೈಹಿಡಿದು, ನಮಗೆ ಅಧಿಕಾರವಿಲ್ಲದ ಒಂದು ಬೇಡಿಕೆಯನ್ನು ಮುಂದಿಟ್ಟೆವು. ಬೇಟೆಯನ್ನು ಬಿಡಿರೆನ್ನಲಿಲ್ಲ, ಅವರ ನಾಡಿನ ಬಾಳನ್ನು ಎರಡು ದಿನದ ಅತಿಥಿಗಳು ಅಳೆಯಲಾಗದು. ಬೇಟೆಯ ಕಾಲ ಮುಗಿದು ಬಕೀಟು ಹಗುರವಾದ ಮೇಲೂ, ಬರದ ದಿನಗಳಲ್ಲಿ, ಆ ಮರವನ್ನು ಮರೆಯಬಾರದೆಂದಷ್ಟೇ ಕೇಳಿದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ರೋಗ ಬಾರದಿದ್ದರೆ ತುಂಬುತ್ತೇನೆ” ಎಂದರು. ಅದಕ್ಕಿಂತ ಹೆಚ್ಚಿನ ಮಾತನ್ನು ಪ್ರಾಮಾಣಿಕನಾದವನು ಕೊಡಲಾರನೆಂದು ನಮಗೆ ತೋರಿತು.

ಹಸಿದವರಿಗೆ ಅನ್ನವಿಡುವುದು ಗೃಹಸ್ಥನ ಧರ್ಮವೆಂದು ನಾವೆಲ್ಲ ಕೇಳಿ ಬೆಳೆದವರು. ಇಟ್ಟ ಅನ್ನದ ಹಿಂದೆ ಏನನ್ನು ಬಯಸಿದ್ದೇವೆಂದು ಕೇಳಿಕೊಳ್ಳುವುದೂ ಆ ಧರ್ಮದಲ್ಲಿ ಸೇರಿರಬೇಕು. ದಾರಿಯುದ್ದಕ್ಕೂ ಮೊಮ್ಮಗಳು ಕಿಟಕಿಯಿಂದ ಓಕ್ ಮರಗಳನ್ನೇ ನೋಡುತ್ತಿದ್ದಳು. ಯಾವ ಮರದಲ್ಲಿ ಬಕೀಟು ತೂಗುತ್ತಿದೆಯೆಂದು ಎಣಿಸುತ್ತಿದ್ದಳು.