ಮೂಲೆಯಿಂದ ಬಂದ ಚೆಂಡು

ಅಡಿಕೆ ಸುಲಿಯುವ ಯಂತ್ರ ಬಂದ ಮೇಲೆ ನಮ್ಮ ತೀರ್ಥಹಳ್ಳಿ ಕಡೆ ಮೆಟ್ಟುಗತ್ತಿ ಹಿಡಿದು ಸಾಲಾಗಿ ಕೂರುವವರು ಕಡಿಮೆ. ಆದರೆ ಆ ಡಿಸೆಂಬರಿನಲ್ಲಿ ಯಂತ್ರ ಕೆಟ್ಟು, ಮೆಕ್ಯಾನಿಕ್ ಇವತ್ತು ಬರುತ್ತೇನೆ ನಾಳೆ ಬರುತ್ತೇನೆ ಎನ್ನುತ್ತ ವಾರ ಕಳೆದಿದ್ದ. ಕೊಯ್ದ ಅಡಿಕೆ ಕಾಯುತ್ತದೆಯೇ? ಅಣ್ಣ, ಅತ್ತಿಗೆ, ಪಕ್ಕದ ಮನೆಯ ಇಬ್ಬರು, ಬೆಂಗಳೂರಿನಿಂದ ರಜೆಗೆ ಹೋಗಿದ್ದ ನಾನು, ಎಲ್ಲರೂ ರಾತ್ರಿ ಅಂಗಳದಲ್ಲಿ ಸುಲಿಯಲು ಕೂತೆವು. ಒಂದು ಬದಿಗೆ ದೊಡ್ಡ ಒಲೆಯ ಮೇಲೆ ಹಂಡೆಯಲ್ಲಿ ಅಡಿಕೆ ಬೇಯುತ್ತಿತ್ತು. ಚಳಿಗೆ ಅದೇ ಬೆಂಕಿ, ಬೆಳಕಿಗೂ ಅರ್ಧ ಅದೇ.

ಅಣ್ಣನ ಮಗ ಮಾತ್ರ ಮಾತಾಡುತ್ತಿರಲಿಲ್ಲ. ಹಿಂದಿನ ದಿನ ಫುಟ್‌ಬಾಲ್ ಫೈನಲ್ ಸೋತು ಬಂದಿದ್ದ. ಕೊನೆಯ ಗಳಿಗೆಯ ಒಂದು ಕಾರ್ನರ್, ಎದುರಾಳಿ ಹುಡುಗನೊಬ್ಬ ಇವನ ತಲೆಯ ಮೇಲಿಂದ ಹಾರಿ ಹೊಡೆದ ಹೆಡರ್, ಗೋಲು. ಆ ಹುಡುಗನನ್ನು ಕಾಯುವ ಕೆಲಸ ಇವನದಾಗಿತ್ತು.

"ನಂದೇ ತಪ್ಪು ಚಿಕ್ಕಪ್ಪ," ಎಂದ, ಬಹಳ ಹೊತ್ತಿನ ಮೇಲೆ.

ಅಲ್ಲ ಬಿಡೋ ಎಂದರೆ ಕೇಳುವ ವಯಸ್ಸಲ್ಲ ಅವನದು. ಹಾಗಾಗಿ ಕಂಠೀರವ ಸ್ಟೇಡಿಯಮ್ಮಿನ ಕಥೆ ತೆಗೆದೆ.

2018ರ ಮಾರ್ಚ್ 17. ಇಂಡಿಯನ್ ಸೂಪರ್ ಲೀಗ್, ಅಂದರೆ ಐಎಸ್‌ಎಲ್ ಫೈನಲ್, ಅದೂ ನಮ್ಮ ಬೆಂಗಳೂರಿನಲ್ಲೇ. ಬೆಂಗಳೂರು ಎಫ್‌ಸಿಗೆ ಆ ಲೀಗಿನಲ್ಲಿ ಅದು ಮೊದಲ ವರ್ಷ. ಲೀಗ್ ಹಂತ ಮುಗಿದಾಗ 40 ಅಂಕಗಳೊಂದಿಗೆ ತುದಿಯಲ್ಲಿತ್ತು. ಎರಡನೇ ಸ್ಥಾನದ ಚೆನ್ನೈಯಿನ್ ತಂಡಕ್ಕೆ 32, ಫೈನಲ್‌ನಲ್ಲಿ ಎದುರಿಗೆ ಇದ್ದದ್ದೂ ಅದೇ ತಂಡ. ಸೆಮಿಫೈನಲ್‌ನಲ್ಲಿ ಪುಣೆಯ ಮೇಲೆ ನಾಯಕ ಸುನಿಲ್ ಚೆಟ್ರಿ ಒಬ್ಬನೇ ಮೂರು ಗೋಲು ಹೊಡೆದಿದ್ದ. ಫೈನಲ್ ಬರೀ ಶಾಸ್ತ್ರಕ್ಕೆ ಎಂಬ ಸೊಕ್ಕಿನಲ್ಲೇ ನಾವೆಲ್ಲ ಸ್ಟೇಡಿಯಮ್ಮಿಗೆ ಹೋಗಿದ್ದು. ನಾನಂತೂ ಗೆದ್ದ ಮೇಲೆ ಎಲ್ಲಿ ಊಟ ಅನ್ನುವುದನ್ನೂ ಗೆಳೆಯನ ಜೊತೆ ಗೊತ್ತು ಮಾಡಿಕೊಂಡಿದ್ದೆ.

ಒಂಬತ್ತನೇ ನಿಮಿಷ. ಬಲಗಡೆಯಿಂದ ಉದಾಂತ ಸಿಂಗ್ ಓಡಿ ಬಂದು ಚೆಂಡು ಒಳಗೆ ಕಳಿಸಿದ. ಚೆಟ್ರಿ ಏನೂ ಎತ್ತರದ ಆಳಲ್ಲ, ಆದರೆ ಹಾವಿನ ಹಾಗೆ ನೆಲದ ಮಟ್ಟಕ್ಕೆ ಹಾರಿ ತಲೆಯಲ್ಲೇ ಹೊಡೆದ. ಗೋಲು! ನಮ್ಮ ಹಿಂದಿನ ಸಾಲಿನವರೊಬ್ಬರ ಕಡಲೆಕಾಯಿ ಪೊಟ್ಟಣ ನನ್ನ ತಲೆ ಮೇಲೆ ಸುರಿಯಿತು, ಯಾರೂ ಯಾರನ್ನೂ ಬೈಯಲಿಲ್ಲ.

"ಆಮೇಲೆ?" ಎಂದಳು ಅತ್ತಿಗೆ. ಅವಳಿಗೆ ಫುಟ್‌ಬಾಲ್ ಗೊತ್ತಿಲ್ಲ, ಕಥೆ ಗೊತ್ತು.

ಆಮೇಲೆ ಕಾರ್ನರ್. ಹದಿನೇಳನೇ ನಿಮಿಷದಲ್ಲಿ ಚೆನ್ನೈಯಿನ್ ತಂಡದ ಗ್ರೆಗರಿ ನೆಲ್ಸನ್ ಮೂಲೆಯಿಂದ ಹೊಡೆದ ಚೆಂಡಿಗೆ ಮೈಲ್ಸನ್ ಆಲ್ವೆಸ್ ಎಂಬ ಬ್ರೆಜಿಲ್ಲಿನ ಡಿಫೆಂಡರ್ ತಲೆ ಕೊಟ್ಟ. ಸಮ. ಇನ್ನೇನು ಅರ್ಧ ಆಟ ಮುಗಿಯಬೇಕು, 45ನೇ ನಿಮಿಷ, ಮತ್ತೊಂದು ಕಾರ್ನರ್. ಹೊಡೆದವನೂ ಅದೇ ನೆಲ್ಸನ್, ತಲೆ ಕೊಟ್ಟವನೂ ಅದೇ ಆಲ್ವೆಸ್. ನಕಲು ಮಾಡಿದ ಹಾಗೆ.

ಹುಡುಗ ಕತ್ತಿಯಿಂದ ಕಣ್ಣೆತ್ತಿದ. "ಅವನನ್ನ ಯಾರು ಕಾಯ್ತಿದ್ರು?"

ಅದೇ ನೋಡು, ನನಗೆ ಇವತ್ತಿಗೂ ಗೊತ್ತಿಲ್ಲ. ಕಂಠೀರವದಲ್ಲಿ ಗ್ಯಾಲರಿಗೂ ಮೈದಾನಕ್ಕೂ ನಡುವೆ ಓಟದ ಟ್ರ್ಯಾಕ್ ಇದೆ. ಅಷ್ಟು ದೂರದಿಂದ ಗೋಲಿನ ಮುಂದೆ ಏಳೆಂಟು ಜನ ಮುದ್ದೆಯಾಗಿ ಕಾಣುತ್ತಾರೆ, ಅಷ್ಟೇ. ಯಾರ ಆಳು ಯಾರ ಕೈ ತಪ್ಪಿದ ಎಂದು ಹೇಳುವುದು ಹೇಗೆ? ನಾವಂತೂ ಹನ್ನೊಂದು ಜನರನ್ನೂ ಸೇರಿಸಿಯೇ ಬೈದೆವು. ಕಾರ್ನರ್ ಅಂದರೆ ಹಾಗೆಯೇ. ಗೋಲು ಹೊಡೆಯುವ ಚೆಟ್ರಿಯಂಥವನೂ ಹಿಂದಕ್ಕೆ ಓಡಿ ಬಂದು ಕಾಯಬೇಕು. ಒಬ್ಬ ಅರ್ಧ ಹೆಜ್ಜೆ ತಡ, ಇನ್ನೊಬ್ಬ ಎದುರಾಳಿಯ ಅಂಗಿ ನೋಡುತ್ತ ಚೆಂಡು ಮರೆತ, ಗೋಲ್‌ಕೀಪರ್ ಹೊರಗೆ ಬರಲೋ ಬೇಡವೋ ಎಂದ. ಎಲ್ಲ ಸೇರಿಯೇ ಒಂದು ಗೋಲು. ಲೆಕ್ಕದಲ್ಲಿ ಮಾತ್ರ ಒಂದೇ ಹೆಸರು ಬರೆಯುತ್ತಾರೆ, ಹೊಡೆದವನದು.

ಮುಂದಿನದ್ದು ಬೇಗ ಹೇಳಿ ಮುಗಿಸಿದೆ, ಸೋಲಿನ ವಿವರ ನನಗೂ ರುಚಿಸುವುದಿಲ್ಲ. 67ನೇ ನಿಮಿಷ ಅವರ ರಫೇಲ್ ಆಗಸ್ಟೊ ಮೂರನೆಯದು ಹೊಡೆದ. ತೊಂಬತ್ತು ನಿಮಿಷ ಮುಗಿದು ಕೊನೆಗೆ ಸೇರಿಸಿದ ಗಳಿಗೆಯಲ್ಲಿ ನಮ್ಮ ಮಿಕು ಒಂದು ತೀರಿಸಿದ. 3-2. ಕಪ್ ಚೆನ್ನೈಗೆ ಹೋಯಿತು. ಗೊತ್ತು ಮಾಡಿದ್ದ ಊಟದ ಮಾತು ಯಾರೂ ಎತ್ತಲಿಲ್ಲ. ಕಬ್ಬನ್ ಪಾರ್ಕ್ ಬದಿಯಲ್ಲಿ ನೀಲಿ ಅಂಗಿಯ ಜನ ಮದುವೆ ಮುರಿದುಬಿದ್ದ ದಿಬ್ಬಣದ ಹಾಗೆ ನಡೆದು ಹೋಗುತ್ತಿದ್ದರು.

"ಚೆಟ್ರಿ ಅತ್ತನಾ?" ಹುಡುಗ ಕೇಳಿದ.

ಅಷ್ಟು ದೂರದಿಂದ ನನಗೇನು ಗೊತ್ತು. ಆದರೆ ಆ ಮನುಷ್ಯನಿಗೆ ಬಾಗಿಲು ಮುಚ್ಚಿದ್ದು ಅದೇ ಮೊದಲಲ್ಲ. 2009ರಲ್ಲಿ ಲಂಡನ್ನಿನ ಕ್ವೀನ್ಸ್ ಪಾರ್ಕ್ ರೇಂಜರ್ಸ್ ಸೇರುವುದಿತ್ತು. ಬ್ರಿಟನ್ ಕೆಲಸದ ಪರವಾನಗಿ ಕೊಡಲಿಲ್ಲ, ಯಾಕೆಂದರೆ ಫಿಫಾ ಪಟ್ಟಿಯಲ್ಲಿ ಭಾರತ ಮೊದಲ 70ರೊಳಗೆ ಇರಲಿಲ್ಲ. ಇವನ ಕಾಲಿನಲ್ಲಿ ಏನು ಕಡಿಮೆ ಎಂದು ಅಲ್ಲಿ ಯಾರೂ ಕೇಳಲೇ ಇಲ್ಲ. ದೇಶದ ತಂಡ ಕೆಳಗಿದ್ದರೆ ಒಬ್ಬನ ಆಸೆಯೂ ಕೆಳಗೇ. ಮರುವರ್ಷ ಅಮೆರಿಕದ ಕಾನ್ಸಾಸ್ ಸಿಟಿಗೆ ಹೋದ, 2012ರಲ್ಲಿ ಲಿಸ್ಬನ್ನಿನ ಸ್ಪೋರ್ಟಿಂಗ್ ಕ್ಲಬ್ಬಿನ ಎರಡನೇ ತಂಡಕ್ಕೆ. ಎರಡೂ ಕಡೆ ಬೇರು ಬಿಡಲಿಲ್ಲ. 2013ರಲ್ಲಿ ಬೆಂಗಳೂರಿನಲ್ಲಿ ಹೊಸದಾಗಿ ಹುಟ್ಟಿದ ತಂಡಕ್ಕೆ ಬಂದ. ಮೊದಲ ವರ್ಷವೇ ಐ-ಲೀಗ್ ಗೆದ್ದರು.

ಫೈನಲ್ ಸೋತು ಒಂದು ತಿಂಗಳಾಗಿತ್ತಷ್ಟೇ, ಭುವನೇಶ್ವರದಲ್ಲಿ ಈಸ್ಟ್ ಬೆಂಗಾಲ್ ಮೇಲೆ 4-1ರಿಂದ ಸೂಪರ್ ಕಪ್ ಗೆದ್ದರು. ಚೆಟ್ರಿ ಎರಡು ಹೊಡೆದ. ಒಂದು ಗೋಲು ರಾಹುಲ್ ಭೆಕೆಯದು. ಈ ಹೆಸರು ನೆನಪಿಟ್ಟುಕೋ ಎಂದೆ ಹುಡುಗನಿಗೆ.

ಜೂನ್ ಹೊತ್ತಿಗೆ ಮುಂಬೈನ ಅಂಧೇರಿಯಲ್ಲಿ ಭಾರತದ ಪಂದ್ಯ. ಚೈನೀಸ್ ತೈಪೆ ಮೇಲೆ 5-0, ಚೆಟ್ರಿಯದೇ ಮೂರು ಗೋಲು. ನೋಡಲು ಬಂದವರು ಎರಡೂವರೆ ಸಾವಿರ. ಆಗ ಅವನೊಂದು ವಿಡಿಯೊ ಹಾಕಿದ. ಬನ್ನಿ, ಬೇಕಾದರೆ ಬೈಯಿರಿ, ಟೀಕೆ ಮಾಡಿ, ಆದರೆ ಮೈದಾನಕ್ಕೆ ಬನ್ನಿ ಎಂದು ಕೈಮುಗಿದು ಕೇಳಿದ. ದೇಶದ ನಾಯಕ ಹೀಗೆ ಬೇಡುವುದು ನನಗೆ ಮೊದಲು ಇರಿಸುಮುರಿಸಾಯಿತು. ಆಮೇಲೆ ಹೊಳೆಯಿತು, ಈತನ ಲೆಕ್ಕದಲ್ಲಿ ಗ್ಯಾಲರಿಯಲ್ಲಿ ಕೂತವನೂ ತಂಡದವನೇ. ಎರಡು ದಿನ ಬಿಟ್ಟು ಕೀನ್ಯಾ ಎದುರು ದೇಶಕ್ಕಾಗಿ ಅವನ ನೂರನೇ ಪಂದ್ಯ. ಮಳೆ. ಮೈದಾನ ಭರ್ತಿ.

"ಕಪ್ ಬಂತಾ ಇಲ್ವಾ, ಅದು ಹೇಳು ನೀನು," ಅಣ್ಣ ಗದರಿದ. ಅಷ್ಟರಲ್ಲಿ ಸುಲಿದ ಅಡಿಕೆ ಹಾಕುವ ಅವನ ಕಲ್ಲಿ ತುಂಬಿತ್ತು, ನನ್ನದರಲ್ಲಿ ತಳ ಕಾಣುತ್ತಿತ್ತು.

ಬಂತು. 2019ರ ಮಾರ್ಚ್ 17, ಸರಿಯಾಗಿ ವರ್ಷಕ್ಕೆ, ಮತ್ತೆ ಐಎಸ್‌ಎಲ್ ಫೈನಲ್. ಅದೇ ಅಂಧೇರಿಯ ಮೈದಾನ. ಎದುರಿಗೆ ಗೋವಾ, ಆ ವರ್ಷ 16 ಗೋಲು ಹೊಡೆದಿದ್ದ ಕೊರೊ ಇದ್ದ ತಂಡ. ನಾನು ಮನೆಯಲ್ಲಿ ಟಿವಿ ಮುಂದೆ. ತೊಂಬತ್ತು ನಿಮಿಷ ಗೋಲಿಲ್ಲ. ಹೆಚ್ಚುವರಿ ಆಟದಲ್ಲಿ ಗೋವಾದ ಜಾಹು ಕೆಂಪು ಕಾರ್ಡ್ ಪಡೆದು ಹೊರಗೆ ಹೋದ. ಆದರೂ ಗೋಲಿಲ್ಲ. ಇನ್ನು ಪೆನಾಲ್ಟಿಯೇ ಗತಿ ಎಂದುಕೊಂಡು ಒಲೆಯ ಮೇಲಿಟ್ಟ ಹಾಲು ನೋಡಲು ಅಡುಗೆಮನೆಗೆ ಹೋದೆ. ಪಕ್ಕದ ಮನೆಯಿಂದ ಕೂಗು ಕೇಳಿತು. ಓಡಿ ಬಂದರೆ ಎಲ್ಲ ಮುಗಿದಿದೆ, ನೀಲಿ ಅಂಗಿಗಳು ಒಂದರ ಮೇಲೊಂದು ಬಿದ್ದಿವೆ. 117ನೇ ನಿಮಿಷ. ಇಡೀ ವರ್ಷ ಕಾದ ಒಂದು ಗೋಲನ್ನು ಹಾಲಿನ ಪಾತ್ರೆಗಾಗಿ ಕಳೆದುಕೊಂಡವನು ನಾನು. ಹಾಲೂ ಉಕ್ಕಿತು.

"ಚೆಟ್ರಿ ಹೊಡೆದನಾ?"

ಇಲ್ಲ. ಮಿಕುವೂ ಅಲ್ಲ. ರಾಹುಲ್ ಭೆಕೆ. ಹಿಂದೆ ನಿಂತು ಕಾಯುವ ಡಿಫೆಂಡರ್, ಅದೇ ಮುಂಬೈನ ಹುಡುಗ. ಅವನ ತಲೆಗೆ ಬಡಿದ ಚೆಂಡು ಕಂಬಕ್ಕೆ ತಾಗಿ ಒಳಗೆ ಹೋಗಿತ್ತು. ಕಪ್ ಎತ್ತಿದವನು ಚೆಟ್ರಿ.

ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದ. ಸುಲಿದ ಅಡಿಕೆಯೊಂದನ್ನು ಅಂಗೈಯಲ್ಲಿ ತಿರುಗಿಸುತ್ತ ಕೇಳಿದ, "ಚೆಂಡು ಎಲ್ಲಿಂದ ಬಂತು ಅವನಿಗೆ?"

ಮೂಲೆಯಿಂದ, ಎಂದೆ. ದಿಮಾಸ್ ಡೆಲ್ಗಾಡೊ ಹೊಡೆದ ಕಾರ್ನರ್.

ಅವನ ತುಟಿಯ ತುದಿ ಸ್ವಲ್ಪ ಅಲ್ಲಾಡಿತು. ನಗು ಎಂದು ಹೇಳಲಾರೆ, ಬೆಂಕಿಯ ಬೆಳಕೂ ಇದ್ದೀತು.

"ಕಥೆ ಆಯ್ತಲ್ಲ," ಎಂದಳು ಅತ್ತಿಗೆ, "ಎದ್ದು ಆ ಹಂಡೆ ಹಿಡೀರಿ ಇಬ್ಬರೂ. ಅಡಿಕೆ ಬೆಂದು ಆಗಲೇ ಎಷ್ಟೊತ್ತಾಯ್ತು."