ನಿಲ್ಲುವುದಕ್ಕೆ ಬೇಕಾದ ದೂರ

ಷೋಲಾವರಂನಲ್ಲಿ ಓಡಿದ ಕಾರು ಎಂದರೆ ನನ್ನಂಥ ಕಾರಿನ ಹುಚ್ಚಿನವನಿಗೆ ಮತ್ತೇನೂ ಬೇಕಿರಲಿಲ್ಲ. ಮದರಾಸಿನ ಬಳಿಯ ಆ ವಿಮಾನಪಟ್ಟಿ ಎರಡನೇ ಮಹಾಯುದ್ಧದ ಕಾಲದ್ದು. ಸ್ವಾತಂತ್ರ್ಯದ ನಂತರ ದಶಕಗಳ ಕಾಲ ದಕ್ಷಿಣದ ಕಾರ್ ರೇಸ್‌ಗೆ ಅದೇ ಹೆಸರು. ಅಲ್ಲಿ ಓಡಿದ್ದ ಒಂದು ಫಿಯಟ್ 1100, ಹೈದರಾಬಾದಿನ ಗೆಳೆಯನಿಗೆ ಅವನ ತಂದೆಯಿಂದ ಬಂದಿತ್ತು. ಒಮ್ಮೆ ದಸರೆಗೆ ಅದರಲ್ಲೇ ನನ್ನ ಜೊತೆ ಊರಿಗೆ ಹೊರಟ. ಹುಮನಾಬಾದ್ ದಾಟಿ, ಸಸ್ತಾಪುರ ಬಂಗ್ಲಾದಲ್ಲಿ ಹೆದ್ದಾರಿ ಬಿಟ್ಟು ಬಸವಕಲ್ಯಾಣದ ಕಡೆ ತಿರುಗಿದಾಗ ಸ್ಟೇರಿಂಗ್ ನನಗೆ ಕೊಡು ಎಂದೆ. ಗೋರ್ಟಾ ನನ್ನೂರು, ಆ ದಾರಿಯ ಕಲ್ಲು ಕಲ್ಲೂ ಗೊತ್ತು ಎಂಬ ಭರವಸೆ.

ತಲೆಯಲ್ಲಿ ಓದಿದ್ದೆಲ್ಲ ತುಂಬಿತ್ತು. ಇಟಲಿಯ ಮಿಲ್ಲೆ ಮಿಲಿಯಾ ಎಂಬ ರೇಸ್ ಜನ ಓಡಾಡುವ ರಸ್ತೆಗಳಲ್ಲೇ ನಡೆಯುತ್ತಿತ್ತು. ಬ್ರೆಷಿಯಾದಿಂದ ರೋಮ್‌ಗೆ ಹೋಗಿ ಮರಳುವ ಸುಮಾರು 1,000 ಮೈಲಿ. 1955ರಲ್ಲಿ ಸ್ಟರ್ಲಿಂಗ್ ಮಾಸ್ ಅದನ್ನು 10 ಗಂಟೆ 7 ನಿಮಿಷಗಳಲ್ಲಿ ಮುಗಿಸಿದ್ದ. ಆ ಹುಮ್ಮಸ್ಸಿನಲ್ಲಿ ಬಸವಕಲ್ಯಾಣದಿಂದಾಚೆ ಪ್ರತಿ ತಿರುವಿಗೂ ಜೋರಾಗಿ ಹೋಗಿ ಗಟ್ಟಿಯಾಗಿ ಬ್ರೇಕ್ ಒತ್ತಿದೆ. ಹಂಪ್ ಬಂದಾಗಲೂ ಹಾಗೆಯೇ. ಗೆಳೆಯ ‘ಸ್ವಲ್ಪ ನಿಧಾನ’ ಎಂದ. ಕೇಳಲಿಲ್ಲ.

ಊರು ಇನ್ನೇನು ಬಂತು ಎನ್ನುವಲ್ಲಿ, ತಿರುವಿನ ಆಚೆ, ಡಾಂಬರಿನ ಅರ್ಧಕ್ಕೆ ಸೋಯಾ ಹರವಿದ್ದರು. ನಮ್ಮ ಕಡೆ ರಾಶಿಯ ಕಾಲದಲ್ಲಿ ರಸ್ತೆಯೇ ಕಣ. ಬ್ರೇಕ್ ಒತ್ತಿದೆ, ಪೆಡಲ್ ತಳ ಮುಟ್ಟಿತು, ಕಾರು ನಿಲ್ಲಲಿಲ್ಲ. ಕಾಳಿನ ಮೇಲೆ ಜಾರಿ, ಪಕ್ಕದ ಹೊಲಕ್ಕೆ ಇಳಿದು, ಹಸಿ ಎರೆಮಣ್ಣಿನಲ್ಲಿ ಹೂತು ನಿಂತೆವು.

ಓಡಿ ಬಂದವರಿಗೆ ನಾನು ಮೊದಲು ಹೇಳಿದ್ದು ‘ಬ್ರೇಕ್ ಫೇಲ್ ಆಯ್ತು’ ಎಂದು. ಯಾರೂ ಬೈಯಲಿಲ್ಲ. ಚೆಲ್ಲಾಪಿಲ್ಲಿಯಾದ ಕಾಳನ್ನು ನೋಡುತ್ತ ಒಬ್ಬ ಅವ್ವ, ‘ನಿಮಗೇನ್ ಆಗಿಲ್ಲಲ ತಮ್ಮಾ? ಈಗರೆ ನಮ್ಮ ಮೊಮ್ಮಗ ಅಲ್ಲೇ ಕುಂತಿದ್ದ’ ಎಂದಳು. ಯಾರ ಸೋಯಾ ತುಳಿದಿದ್ದೆನೋ ಅವರೇ ಟ್ರ್ಯಾಕ್ಟರ್ ತಂದು ಕಾರನ್ನು ಎಳೆದರು. ಕಾಳಿನ ದುಡ್ಡು ಕೊಡಲು ಹೋದಾಗ ನನಗೆ ತಲೆ ಎತ್ತಲಾಗಲಿಲ್ಲ. 1948ರ ಮೇ ತಿಂಗಳಲ್ಲಿ ರಜಾಕಾರರ ಕೈಯಲ್ಲಿ ತನ್ನ ಜನರನ್ನು ಕಳೆದುಕೊಂಡ ಊರು ಇದು. ಇಲ್ಲಿ ಹುಟ್ಟಿದವನಿಗೆ ಜೀವದ ಬೆಲೆಯನ್ನು ಬೇರೆಯವರು ಹೇಳಿಕೊಡಬೇಕಾಗಿರಲಿಲ್ಲ.

ಮರುದಿನ ಮೆಕ್ಯಾನಿಕ್ ಬಂದು ನೋಡಿದಾಗ ಪೆಡಲ್ ಎಂದಿನಂತೆ ಗಟ್ಟಿಯಾಗಿತ್ತು. ಎಣ್ಣೆ ಸೋರಿರಲಿಲ್ಲ, ಏನೂ ಮುರಿದಿರಲಿಲ್ಲ. ಆ ಫಿಯಟ್‌ಗೆ ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್. ಮೇಲಿಂದ ಮೇಲೆ ಒತ್ತಿದರೆ ಡ್ರಮ್ ಕಾದು ಹಿಗ್ಗಿ ಲೈನರ್‌ನಿಂದ ದೂರ ಸರಿಯುತ್ತದೆ. ಕಾದ ಲೈನರ್‌ನ ಹಿಡಿತವೂ ಸಡಿಲುತ್ತದೆ. ತಣ್ಣಗಾದರೆ ಮತ್ತೆ ಸರಿ. ಡಿಸ್ಕ್ ಬ್ರೇಕಿನ ಹೊಸ ಕಾರಿನ ರೂಢಿಯಲ್ಲಿ ಕಾಲಿಟ್ಟವನು ನಾನು. ಊರ ಮುಂದೆ ಕಾರಿನ ಮೇಲೆ ಹೊರಿಸಿದ ತಪ್ಪು ನನ್ನದೇ ಎಂದು ಮತ್ತೆ ಹೋಗಿ ಹೇಳುವುದು ಹೊಲಕ್ಕೆ ಬಿದ್ದಿದ್ದಕ್ಕಿಂತ ಕಷ್ಟವಾಯಿತು.

ಆಮೇಲೆ ಮಾಸ್‌ನ ಕಥೆಯನ್ನು ಇನ್ನೊಮ್ಮೆ ಓದಿದೆ. ಅವನೂ ಜೊತೆಗಾರ ಡೆನಿಸ್ ಜೆಂಕಿನ್‌ಸನ್‌ನೂ ಆ ದಾರಿಯನ್ನು ಮೊದಲೇ ಸುತ್ತಿ, ತಿರುವು, ದಿಬ್ಬಗಳನ್ನೆಲ್ಲ ಉದ್ದನೆಯ ಕಾಗದದ ಸುರುಳಿಯಲ್ಲಿ ಬರೆದುಕೊಂಡಿದ್ದರು. ನಾನು ಗೊತ್ತು ಎಂದುಕೊಂಡಿದ್ದ ದಾರಿ ನಡೆದವನ ದಾರಿ, ಬಸ್ಸಿನ ಕಿಟಕಿಯ ದಾರಿ. ಆ ವೇಗದಲ್ಲಿ ಅದು ನನಗೆ ಪೂರ್ತಿ ಹೊಸತು. ಅಷ್ಟೆಲ್ಲ ತಯಾರಿಯ ಆ ರೇಸ್ ಕೂಡ ಉಳಿಯಲಿಲ್ಲ. 1957ರಲ್ಲಿ ಗುಯಿದಿಝೋಲೋ ಬಳಿ ಒಂದು ಫೆರಾರಿ ದಾರಿಬದಿಯ ಜನರ ಮೇಲೆ ಹಾಯ್ದು ಒಂಬತ್ತು ಮಂದಿ ಸತ್ತರು. ಅವರಲ್ಲಿ ಐವರು ಮಕ್ಕಳು. ಕಾರಿನಲ್ಲಿದ್ದ ಇಬ್ಬರೂ ಉಳಿಯಲಿಲ್ಲ. ಈ ಭಾಗವನ್ನು ನಾನು ಮೊದಲೂ ಓದಿದ್ದೆ, ಮನಸ್ಸಿಗೆ ತೆಗೆದುಕೊಂಡಿರಲಿಲ್ಲ.

ಮಿಲ್ಲೆ ಮಿಲಿಯಾ 1977ರಲ್ಲಿ ಮತ್ತೆ ಶುರುವಾಯಿತು. ಹಳೆಯ ಕಾರುಗಳೇ ಓಡುತ್ತವೆ. ಆದರೆ ಗೆಲ್ಲುವವನು ಎಲ್ಲರಿಗಿಂತ ಜೋರಾಗಿ ಹೋದವನಲ್ಲ, ಗೊತ್ತುಮಾಡಿದ ಹೊತ್ತಿಗೆ ಸರಿಯಾಗಿ ತಲುಪಿದವನು. ಹಳೆಯ ಕಾರು ನಿಮ್ಮ ಕೈಗೂ ಬರಬಹುದು. ಎಷ್ಟು ಜೋರು ಓಡುತ್ತದೆ ಎಂದು ಕೇಳುವ ಮೊದಲು, ಎಷ್ಟು ದೂರದಲ್ಲಿ ನಿಲ್ಲುತ್ತದೆ ಎಂದು ಖಾಲಿ ಬಯಲಿನಲ್ಲಿ ನೋಡಿಕೊಳ್ಳಿ. ರಸ್ತೆಗೆ ಇಳಿಯುವುದು ಆಮೇಲೆ.